ಕೈಗಿಂತ ಮೊದಲು ಕಾಲು

2014ರ ಫೆಬ್ರುವರಿಯಲ್ಲಿ ಗ್ರೇಟರ್ ನೋಯ್ಡಾದ ಆಟೋ ಎಕ್ಸ್‌ಪೋಗೆ ಮಾರುತಿ ಸೆಲೆರಿಯೊ ಬಂದ ಮೇಲೆ, ಕ್ಲಚ್ ಪೆಡಲ್ ಇಲ್ಲದ ಕಾರು ಸಾಮಾನ್ಯ ಸಂಬಳದವರ ಕೈಗೂ ಎಟುಕಿತು. ಧೌಲಾ ಕುವಾದಿಂದ ಗುರುಗ್ರಾಮದವರೆಗಿನ ಸಂಜೆಯ ಟ್ರಾಫಿಕ್ಕಿನಲ್ಲಿ ಸೋತ ಎಡಗಾಲಿಗೆ ಅದು ನಿಜವಾದ ಬಿಡುಗಡೆ.

*

ಬಿಡುಗಡೆಯಾದ ಕಾಲು ಮೂಲೆಯಲ್ಲಿ ಸುಮ್ಮನೆ ಇರಬೇಕು. ಕ್ಲಚ್ಚಿನ ಅಭ್ಯಾಸಬಲದಿಂದ ಅದು ಬ್ರೇಕನ್ನು ತುಳಿದರೆ ಗಾಡಿ ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತದೆ, ಹಿಂದಿನವನು ಬಂದು ಗುದ್ದುತ್ತಾನೆ. ಎರಡು ಪೆಡಲಿಗೂ ಬಲಗಾಲೊಂದೇ ಸಾಕು.

*

ಬ್ರೇಕಿನ ಮೇಲೆ ಕಾಲು ಊರಿದ ಮೇಲೆ ಕೈ ಗೇರಿಗೆ ಹೋಗಲಿ.

*

ಕರೋಲ್‌ಬಾಗಿನ ಗಲ್ಲಿಯಲ್ಲಿ ಗಾಡಿ ತಿರುಗಿಸುವಾಗ ಸುತ್ತಲಿನ ಹಾರ್ನು ಮನಸ್ಸನ್ನು ಅವಸರಪಡಿಸುತ್ತದೆ. ಗಾಡಿ ಇನ್ನೂ ಮುಂದಕ್ಕೆ ಉರುಳುತ್ತಿರುವಾಗಲೇ ಕೈ ಗೇರನ್ನು ಡಿಯಿಂದ (ಮುಂದೆ) ಆರ್‌ಗೆ (ಹಿಂದೆ) ಎಳೆದುಬಿಡುತ್ತದೆ. ಆ ಎದುರುಬದುರು ಬಲದ ಪೆಟ್ಟನ್ನೆಲ್ಲ ಗೇರ್‌ಬಾಕ್ಸ್ ತಿನ್ನಬೇಕು. ಪೂರ್ತಿ ನಿಲ್ಲುವುದಕ್ಕೆ ಒಂದು ಉಸಿರಿನಷ್ಟು ಹೊತ್ತು ಸಾಕು. ಹಾರ್ನ್ ಹೊಡೆಯುವವನು ಅಷ್ಟು ಕಾಯಬಲ್ಲ. ಡ್ಯಾಶ್‌ಬೋರ್ಡಿನಲ್ಲಿ ಆರ್ ಕಂಡ ಮೇಲೆ, ಹಿಂದೆ ಮಕ್ಕಳಿಲ್ಲವೆಂದು ಕಣ್ಣಾರೆ ನೋಡಿದ ಮೇಲೆ, ಬ್ರೇಕ್ ಬಿಡಿ.

*

ಪಾರ್ಕಿಂಗಿನ ಪಿಯನ್ನು ಬಹಳ ಜನ ಬ್ರೇಕೆಂದೇ ನಂಬಿದ್ದಾರೆ. ಅದು ಬಾಗಿಲಿನ ಅಗುಳಿಯಂತೆ ಗೇರ್‌ಬಾಕ್ಸಿನ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುವ ಸಣ್ಣ ಉಕ್ಕಿನ ಕೊಕ್ಕೆ. ಇಳಿಜಾರಿನಲ್ಲಿ ಇಡೀ ಗಾಡಿಯ ಭಾರವನ್ನು ಅದೊಂದರ ಮೇಲೆ ಹೇರಬಾರದು. ಬ್ರೇಕ್ ಒತ್ತಿಕೊಂಡೇ ಎನ್‌ಗೆ (ನ್ಯೂಟ್ರಲ್) ತಂದು ಹ್ಯಾಂಡ್‌ಬ್ರೇಕ್ ಎಳೆಯಿರಿ. ಕಾಲು ಸಡಿಲಿಸಿ, ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂತದ್ದನ್ನು ಖಚಿತಪಡಿಸಿಕೊಳ್ಳಿ. ಆಮೇಲೆ ಮತ್ತೆ ಬ್ರೇಕ್ ಒತ್ತಿ ಪಿ ಹಾಕಿ. ಸೆಲೆರಿಯೊದಂಥ ಎಎಂಟಿ (ಮ್ಯಾನುವಲ್ ಗೇರನ್ನೇ ಯಂತ್ರ ಬದಲಿಸುವ) ಗಾಡಿಗಳಲ್ಲಿ ಪಿಯೇ ಇಲ್ಲ. ಅಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲೇ ಬಿಟ್ಟು, ಎಂಜಿನ್ ಆರಿಸಬೇಕು.

*

ನೋಯ್ಡಾದ ಬೇಸ್‌ಮೆಂಟಿನಿಂದ ಮೇಲೇರುವ ಸಾಲಿನಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಗಾಡಿಯನ್ನು ಹಿಡಿದಿಡುವವರನ್ನು ಕಂಡರೆ ಸಂಕಟವಾಗುತ್ತದೆ. ಎಎಂಟಿಯಾಗಲಿ ಡ್ಯುಯಲ್ ಕ್ಲಚ್ ಆಗಲಿ, ಒಳಗೆ ಸುಡುತ್ತಿರುವುದು ಕ್ಲಚ್ಚು. ಏರಿನಲ್ಲಿ ನಿಲ್ಲಿಸುವುದು ಬ್ರೇಕಿನ ಕೆಲಸ.

*

ಫ್ಲೈಓವರ್ ಇಳಿಯುವಾಗ ಪೆಟ್ರೋಲ್ ಉಳಿಸಲು ಎನ್‌ಗೆ ಹಾಕುವ ರೂಢಿ ಕಾರ್ಬುರೇಟರ್ ಕಾಲದ್ದು. ಇಂದಿನ ಎಂಜಿನ್ನು ಗೇರಿನಲ್ಲಿದ್ದು ಇಳಿಯುವಾಗ ಇಂಧನವನ್ನು ತಾನೇ ತಡೆಹಿಡಿಯುತ್ತದೆ. ಎನ್‌ನಲ್ಲಿ ಸುಮ್ಮನೆ ಉರಿಯುವುದಕ್ಕೂ ಅದಕ್ಕೆ ಪೆಟ್ರೋಲ್ ಬೇಕು. ಎಂಜಿನ್ನಿನ ಹಿಡಿತವೂ ತಪ್ಪುತ್ತದೆ.

*

2020ರ ಅಕ್ಟೋಬರಿನಲ್ಲಿ ದೆಹಲಿ ಸರ್ಕಾರ ‘ರೆಡ್ ಲೈಟ್ ಆನ್, ಗಾಡಿ ಆಫ್’ ಅಭಿಯಾನ ಶುರುಮಾಡಿತು. ಇಲ್ಲಿನ ಚಳಿಗಾಲದ ಹೊಗೆಯನ್ನು ಉಸಿರಾಡಿದವರಿಗೆ ಕಾರಣ ಹೇಳಬೇಕಿಲ್ಲ. ಉದ್ದದ ಸಿಗ್ನಲ್ಲಿನಲ್ಲಿ ಎನ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು ಆರಿಸಿ. ಹಸಿರು ಬರುವುದಕ್ಕೆ ಕೆಲವು ಸೆಕೆಂಡ್ ಮುಂಚೆ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿದರೆ, ಗೇರಿನೊಂದಿಗೆ ಗುದ್ದಾಡುವ ಪ್ರಸಂಗ ಬರುವುದಿಲ್ಲ.

*

ಡಿಯಲ್ಲಿರುವ ಗಾಡಿ ಆಕ್ಸಿಲರೇಟರ್ ಮುಟ್ಟದಿದ್ದರೂ ಮುಂದಕ್ಕೆ ತೆವಳುತ್ತದೆ. ಮೋತಿಬಾಗ್ ಕಡೆಯ ದೆಹಲಿ ಕರ್ನಾಟಕ ಸಂಘದ ಮುಂದೆ ಊರಿಂದ ಬಂದ ಅಜ್ಜಿಯನ್ನು ಇಳಿಸುವಾಗ, ಬ್ರೇಕ್ ಒತ್ತಿದ್ದೇನಲ್ಲ ಎಂಬ ಧೈರ್ಯ ಬೇಡ. ಸೀರೆಯ ಸೆರಗು ಬಾಗಿಲಿಗೆ ಸಿಕ್ಕೀತು, ಕೈಚೀಲ ಜಾರೀತು, ನೀವು ಹಿಂದಿರುಗಿ ನೋಡುವಷ್ಟರಲ್ಲಿ ಕಾಲು ಸಡಿಲವಾದೀತು. ಹ್ಯಾಂಡ್‌ಬ್ರೇಕ್ ಎಳೆಯಿರಿ, ಪಿಗೆ (ಪಿ ಇಲ್ಲದಿದ್ದರೆ ಎನ್‌ಗೆ) ತನ್ನಿ, ಆಮೇಲೆ “ನಿಧಾನವಾಗಿ ಇಳೀರಿ ಅಜ್ಜಿ” ಅನ್ನಿ.