ವರ್ತನೆಯವರು

ನಮ್ಮ ಹಳೆಯ ಮೈಸೂರಿನ ಮನೆಗಳಲ್ಲಿ ‘ವರ್ತನೆ’ ಎಂಬ ಮಾತಿಗೆ ನಡವಳಿಕೆ ಎಂಬುದಲ್ಲದೆ ಇನ್ನೊಂದು ಅರ್ಥವೂ ಇತ್ತು. ವರ್ತನೆಯ ಹಾಲು, ವರ್ತನೆಯ ಹೂವು, ವರ್ತನೆಯ ಮನೆ ಎಂದು ಹೆಂಗಸರು ಮಾತಿಗೆ ಮಾತಿಗೆ ಹೇಳುತ್ತಿದ್ದರು. ದಿನವೂ ತಪ್ಪದೆ ತಂದುಕೊಡುವವರು ಒಬ್ಬರು, ದಿನವೂ ತಪ್ಪದೆ ತೆಗೆದುಕೊಳ್ಳುವವರು ಒಬ್ಬರು. ತಿಂಗಳ ಕೊನೆಗೆ ಲೆಕ್ಕ. ಕಾಗದವಿಲ್ಲ, ರುಜುವಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ ಹಾಲು ತರುತ್ತಿದ್ದಾಕೆ ಊರಾಚೆಯ ಹಳ್ಳಿಯವಳು. ಒಮ್ಮೆ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಮದುವೆ. ಅವರಿಗೆ ಹಾಲು ಸಾಲದೆ ಬಂತು. ಒಂದಕ್ಕೆ ಎರಡರಷ್ಟು ಕೊಡುತ್ತೇವೆ, ಇವತ್ತಿನದನ್ನೆಲ್ಲ ಇಲ್ಲೇ ಹೊಯ್ದು ಹೋಗು ಎಂದರಂತೆ. ‘ವರ್ತನೆ ಮನೆಗೋಳಿಗೆ ಹುಯ್ದು ಮಿಕ್ಕಿದ್ರೆ ತರ್ತೀನಿ’ ಎಂದು ಹೇಳಿ ಆಕೆ ಎಂದಿನ ಹೊತ್ತಿಗೆ ನಮ್ಮ ಬಾಗಿಲಿಗೆ ಬಂದಳು. ನಮ್ಮ ತಾಯಿಯೂ ಹಾಗೆಯೆ. ಬೇಸಗೆಯಲ್ಲಿ ಹಾಲು ತೆಳ್ಳಗಾದರೆ ಒಂದು ಮಾತು ಗೊಣಗುತ್ತಿದ್ದರೇ ಹೊರತು ಬೇರೆಯವಳನ್ನು ಕರೆಯುತ್ತಿರಲಿಲ್ಲ.

ಈ ಹಳೆಯ ಮಾತು ನನ್ನ ನೆನಪಿಗೆ ಬಂದದ್ದು ಮೈಸೂರಿನಲ್ಲಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಅನಾಹೀಮ್ ಎಂಬ ಊರಿನಲ್ಲಿ, ಡಿಸ್ನಿಲ್ಯಾಂಡಿನ ಒಳಗೆ ಒಂದು ಬೆಂಚಿನ ಮೇಲೆ ಕುಳಿತಿದ್ದಾಗ. ನನ್ನ ತಂಗಿಯ ಸಂಸಾರ ಅಲ್ಲಿಗೆ ಹತ್ತಿರದ ಅರ್ವೈನಿನಲ್ಲಿದೆ. ಕಾಲೇಜಿನ ರಜದಲ್ಲಿ ಅವರಲ್ಲಿಗೆ ಹೋಗಿದ್ದೆ. ಅವರ ಬಳಿ ವರ್ಷದ ಪಾಸುಗಳಿದ್ದುವು. ನನಗೆ ಒಂದು ದಿನದ ಟಿಕೆಟ್ಟು ತೆಗೆದರು. ಜಗತ್ಪ್ರಸಿದ್ಧವಾದ ಆ ಥೀಮ್ ಪಾರ್ಕಿನಲ್ಲಿ ಏನೇನು ಸಾಹಸ ಮಾಡಬೇಕಾಗುವುದೋ ಎಂದು ಹೆದರಿಕೊಂಡೇ ಹೋದ ನನಗೆ, ಅವರು ಅಲ್ಲಿ ಏನನ್ನೂ ಮಾಡದಿರುವುದನ್ನು ಕಂಡು ಸೋಜಿಗವಾಯಿತು. ಸಂಜೆಯ ಹೊತ್ತು ಒಳಗೆ ಹೋದರು. ಒಂದು ಸುತ್ತು ನಡೆದರು. ಕಾಫಿ ಕೊಂಡು ಬೆಂಚಿನ ಮೇಲೆ ಕುಳಿತರು. ಹನ್ನೊಂದು ವರ್ಷದ ಸೊಸೆ ಮಾತ್ರ ನನ್ನ ಕೈಹಿಡಿದು, ‘ಮಾಮ, ಅಲ್ಲಿ ನೋಡು’ ಎಂದು ಮುಖ್ಯ ಬೀದಿಯ ಅಗ್ನಿಶಾಮಕ ಠಾಣೆಯ ಮಹಡಿಯ ಕಿಟಕಿಯನ್ನು ತೋರಿಸಿದಳು. ಅಲ್ಲಿ ಒಂದು ದೀಪ ಉರಿಯುತ್ತಿತ್ತು. ವಾಲ್ಟ್ ಡಿಸ್ನಿ ಆ ಮಹಡಿಯಲ್ಲಿ ಒಂದು ಚಿಕ್ಕ ಬಿಡಾರ ಮಾಡಿಕೊಂಡಿದ್ದರಂತೆ. ಅವರ ನೆನಪಿಗಾಗಿ ದೀಪವನ್ನು ಆರಿಸುವುದಿಲ್ಲ. ಇನ್ನೊಂದು ಕಡೆ ಒಂದು ಕಲ್ಲಾದ ಮರದ ಬೊಡ್ಡೆ ನಿಂತಿದೆ. ಅದು ಡಿಸ್ನಿ 1956ರಲ್ಲಿ ತಮ್ಮ ಹೆಂಡತಿಗೆ ಕೊಟ್ಟ ಉಡುಗೊರೆ. ಆಕೆ ಅದನ್ನು ಮರುವರ್ಷ ಪಾರ್ಕಿಗೇ ದಾಟಿಸಿದರು. ಸಾಲಿನಲ್ಲಿ ಓಡುವ ಪರವೂರಿನ ಯಾತ್ರಿಕನಿಗೆ ಇವು ಕಣ್ಣಿಗೆ ಬೀಳುವುದಿಲ್ಲ. ನನ್ನ ಸೊಸೆ, ಪಕ್ಕದಲ್ಲಿ ದಾರಿ ಕೇಳಿದ ಯಾವುದೋ ದೂರದ ರಾಜ್ಯದ ಸಂಸಾರಕ್ಕೂ ಆ ದೀಪದ ಕಥೆಯನ್ನು ತನ್ನ ಮನೆಯ ದೇವರ ಕೋಣೆಯನ್ನು ತೋರಿಸುವವಳಂತೆ ಹೇಳಿ ಕಳಿಸಿದಳು. ಆಗಲೇ ನನಗೆ ಅನ್ನಿಸಿತು: ಇವರು ಗಿರಾಕಿಗಳಲ್ಲ, ವರ್ತನೆಯವರು.

ಈ ವರ್ತನೆಯವರು ಇನ್ನೂ ಬೇಕೋ ಬೇಡವೋ ಎಂಬ ಪ್ರಶ್ನೆ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಕೆಲವು ವರ್ಷಗಳಿಂದ ಬಿಸಿಬಿಸಿಯಾಗಿ ನಡೆದಿದೆ. ಕಥೆ ಹೀಗೆ. 1955ರ ಜುಲೈ 17ರಂದು, ಕಿತ್ತಳೆ ತೋಟಗಳನ್ನು ಕಡಿಸಿ ಹಸನುಮಾಡಿದ ಸುಮಾರು 160 ಎಕರೆ ನೆಲದಲ್ಲಿ ಈ ಪಾರ್ಕು ತೆರೆಯಿತು. ಬಂದವರೆಲ್ಲರಿಗೂ ಇದು ನಿಮ್ಮದೇ ನೆಲ ಎಂಬ ಅರ್ಥದ ಸ್ವಾಗತವನ್ನು ಅಂದೇ ಹೇಳಿ ಫಲಕದಲ್ಲಿ ಕೆತ್ತಿಸಿದರು. ಆಗ ದೊಡ್ಡವರಿಗೆ ಪ್ರವೇಶ ಒಂದು ಡಾಲರು. ಪ್ರತಿಯೊಂದು ಆಟಕ್ಕೂ ಬೇರೆ ಚೀಟಿ. 1982ರಲ್ಲಿ ಆಟದ ಚೀಟಿಗಳು ಹೋಗಿ ಎಲ್ಲಕ್ಕೂ ಒಂದೇ ಟಿಕೆಟ್ಟಾಯಿತು. ಅದೇ ದಶಕದಲ್ಲಿ ವರ್ಷದ ಪಾಸೂ ಬಂತು. ಫ್ಲಾರಿಡಾದ ಡಿಸ್ನಿ ಪಾರ್ಕಿಗೆ ಹೆಚ್ಚಾಗಿ ದೂರದವರೇ ಹೋಗುತ್ತಾರೆ; ಅನಾಹೀಮಿನದು ಮೊದಲಿನಿಂದಲೂ ಸುತ್ತಲಿನವರ ಪಾರ್ಕು. 2001ರ ಸೆಪ್ಟೆಂಬರಿನ ಅನಾಹುತದ ಬಳಿಕ ಜನ ವಿಮಾನ ಹತ್ತಲು ಹೆದರಿದಾಗ ಫ್ಲಾರಿಡಾಕ್ಕೆ ಬಿದ್ದಷ್ಟು ಪೆಟ್ಟು ಅನಾಹೀಮಿಗೆ ಬೀಳಲಿಲ್ಲ. ಊರಿನವರು ಕಾರಿನಲ್ಲಿ ಬರುತ್ತಿದ್ದರು.

2020ರ ಮಾರ್ಚ್ 14ರಂದು ಕೊರೋನದ ಕಾರಣ ಬಾಗಿಲು ಮುಚ್ಚಿತು. 2021ರ ಜನವರಿಯಲ್ಲಿ, ಇನ್ನೂ ಬಾಗಿಲು ತೆರೆಯುವ ಮೊದಲೇ, ವರ್ಷದ ಪಾಸುಗಳನ್ನೆಲ್ಲ ರದ್ದುಮಾಡಿದ್ದೇವೆ ಎಂದು ಕಂಪನಿ ಪ್ರಕಟಿಸಿತು. ಉಳಿದ ದಿನಗಳ ಹಣವನ್ನು ಲೆಕ್ಕಹಾಕಿ ಹಿಂದಿರುಗಿಸಿತು. ಇಲ್ಲಿ ವಿಧಿಯ ಒಂದು ವಿನೋದವನ್ನು ವಾಚಕರು ಗಮನಿಸಬೇಕು. ಏಪ್ರಿಲ್ 30ರಂದು ಬಾಗಿಲು ತೆರೆದಾಗ ಸರ್ಕಾರದ ಕಟ್ಟಳೆಯಂತೆ ಕ್ಯಾಲಿಫೋರ್ನಿಯದ ನಿವಾಸಿಗಳಿಗೆ ಮಾತ್ರ ಪ್ರವೇಶ. ಮೂರು ತಿಂಗಳ ಹಿಂದೆ ಯಾರ ಪಾಸನ್ನು ಕಳೆದಿದ್ದರೋ ಆ ಜನವೇ ಮೊದಲ ಅತಿಥಿಗಳು!

ಆಗಸ್ಟಿನಲ್ಲಿ ‘ಮ್ಯಾಜಿಕ್ ಕೀ’ ಎಂಬ ಹೊಸ ಹೆಸರಿನಲ್ಲಿ ಪಾಸು ಮರಳಿತು. ನಾಲ್ಕು ದರ್ಜೆ, 399 ಡಾಲರಿನಿಂದ 1,399 ಡಾಲರಿನವರೆಗೆ. ಕಡಿಮೆ ಬೆಲೆಯದು ದಕ್ಷಿಣ ಕ್ಯಾಲಿಫೋರ್ನಿಯದವರಿಗೇ ಮೀಸಲು. ಆದರೆ ಪಾಸಿದ್ದರೆ ಸಾಲದು. ಯಾವ ದಿನ ಬರುತ್ತೇವೆಂದು ಮುಂಚಿತವಾಗಿ ಜಾಗ ಕಾಯ್ದಿರಿಸಬೇಕು. ಮರುವರ್ಷ, 2022ರ ಆಗಸ್ಟಿನಲ್ಲಿ, ಷೇರುದಾರರ ಮುಂದಿಟ್ಟ ವರದಿಯಲ್ಲಿ ಕಂಪನಿ ಒಂದು ಮಾತು ಬರೆಯಿತು: ತಲಾ ಆದಾಯ ಏರಿದೆ, ಆದರೆ ಡಿಸ್ನಿಲ್ಯಾಂಡಿಗೆ ಬಂದವರ ‘ಮಿಶ್ರಣ ಪ್ರತಿಕೂಲ’ವಾದ್ದರಿಂದ ಅಷ್ಟು ಏರಲಿಲ್ಲ. ಈ ಮಿಶ್ರಣದಲ್ಲಿ ಹಾಲು ಯಾರು, ನೀರು ಯಾರು ಎಂದು ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕೆಲವರು ‘ಪ್ರತಿಕೂಲ’ ಎಂದು ಅಂಗಿಯ ಮೇಲೆ ಅಚ್ಚುಹಾಕಿಸಿಕೊಂಡು ಅದೇ ಪಾರ್ಕಿಗೆ ಹೋದರು. ಜಗಳವಾಡಿಯೂ ಮನೆ ಬಿಡದ ನಂಟರ ರೀತಿ ಅದು.

ತಂಗಿಯ ಗಂಡ ಲೆಕ್ಕಪತ್ರದ ಕೆಲಸದವರು. ಪಾಸು ಅವರದೇ ಆದರೂ ಅವರು ಕಂಪನಿಯ ಪಕ್ಷ. ಆ ರಾತ್ರಿ ಊಟದ ಮೇಜಿನ ಮುಂದೆ ನನಗೆ ತಿಳಿಹೇಳಿದರು:

‘ಲೆಕ್ಕ ನೋಡಿ ಭಾವ. ದೂರದಿಂದ ಬಂದ ಸಂಸಾರ ಹೋಟೆಲಿನಲ್ಲಿ ಮೂರು ದಿನ ಇಳಿಯುತ್ತೆ, ಮೂರು ಹೊತ್ತೂ ಅಲ್ಲೇ ಉಣ್ಣುತ್ತೆ, ಹೊರಡುವಾಗ ಎಲ್ಲರ ತಲೆಗೂ ಇಲಿಕಿವಿ ಕೊಂಡುಕೊಳ್ಳುತ್ತೆ. ನಾವು ಮನೆಯಲ್ಲಿ ಚಿತ್ರಾನ್ನ ತಿಂದು ಹೋಗಿ ಒಂದು ಕಾಫಿ ಕುಡಿದು ಬರುತ್ತೇವೆ. ಜಾಗ ಇಬ್ಬರಿಗೂ ಒಂದೇ ಅಳತೆ ಬೇಕು.’

‘ಹಾಗಾದರೆ ನಮ್ಮನ್ನು ಕರೆದದ್ದೇಕೆ?’ ಎಂದಳು ತಂಗಿ.

‘ಮಂಗಳವಾರಕ್ಕೆ’ ಎಂದರು ಅವರು.

ನಾವು ನಕ್ಕೆವು. ಆದರೆ ಅವರ ವಾದವನ್ನು ನಗೆಯಲ್ಲಿ ಹಾರಿಸುವಂತಿಲ್ಲ. ದುಡ್ಡಿನ ಮಾತು ಬಿಡೋಣ; ನ್ಯಾಯದ ಮಾತೇ ಇದೆ. ನಾಲ್ಕು ವರ್ಷ ಹಣ ಕೂಡಿಸಿ, ಮಕ್ಕಳಿಗೆ ಒಂದೇ ಒಂದು ಸಲ ತೋರಿಸೋಣವೆಂದು ಬಂದವನೊಬ್ಬ ಎರಡು ಗಂಟೆ ಸಾಲಿನಲ್ಲಿ ನಿಂತಿದ್ದಾನೆ. ಅವನ ಮುಂದೆ, ಈ ತಿಂಗಳಲ್ಲೇ ಆರನೆಯ ಸಲ ಬಂದವನೊಬ್ಬ ನಿಂತಿದ್ದಾನೆ. 2024ರ ಅಕ್ಟೋಬರಿನಲ್ಲಿ ಅತಿ ಜನಸಂದಣಿಯ ದಿನಗಳ ಟಿಕೆಟ್ಟು 200 ಡಾಲರಿನ ಗಡಿ ದಾಟಿತು. ಅಷ್ಟು ತೆತ್ತವನಿಗೆ ಒಂದು ಹಗಲು ನೆಮ್ಮದಿಯಾಗಿ ಸಿಗಬೇಡವೆ? ಜಾತ್ರೆಯ ದಿನ ಊರಿನವರು ದೇವಸ್ಥಾನದ ಸಾಲು ಬಿಟ್ಟು ಹಿಂದೆ ನಿಲ್ಲುವುದುಂಟು. ನಮ್ಮ ದೇವರು ನಾಳೆಯೂ ಇರುತ್ತಾನೆ ಎಂಬ ಧೈರ್ಯ ಅವರಿಗೆ. ಕೆಲವು ದಿನ ನೀವು ಬರಬೇಡಿ ಎಂದು ಪಾಸಿನವರಿಗೆ ಹೇಳುವುದು ಅನ್ಯಾಯವೆಂದು ನನಗೆ ತೋರುವುದಿಲ್ಲ. ಬೆಲೆ ಏರಿಸಿದ್ದು ಕೂಡ ಅನ್ಯಾಯವಲ್ಲ, ಸುಖವಲ್ಲ ಅಷ್ಟೆ.

ಪಾಸಿನವರೂ ಎಲ್ಲರೂ ನನ್ನ ಸೊಸೆಯಂಥವರಲ್ಲ. ಪಾಸಿನ ಬೆಲೆಯನ್ನು ಹೋದ ಸಲಗಳಿಂದ ಭಾಗಿಸಿ, ಎಷ್ಟನೆಯ ಸಲಕ್ಕೆ ದುಡ್ಡು ಗೀಟಿತು ಎಂದು ಎಣಿಸುವವರು ಬಹಳ ಮಂದಿ. ಮಿತವಾಗಿ ತಯಾರಾದ ಆಟಿಕೆ, ಪಾಪ್‌ಕಾರ್ನ್ ಡಬ್ಬಿಗಳನ್ನು ಬೆಳಗಾಗುವುದರೊಳಗೆ ಬಾಚಿಕೊಂಡು ಹೊರಗೆ ಮೂರರಷ್ಟಕ್ಕೆ ಮಾರುವವರೂ ಉಂಟು. ಹಾಗೆ ಎಣಿಸುವವನು ಕಂಪನಿಯೂ ತನ್ನನ್ನು ಎಣಿಸಿತೆಂದು ದೂರುವಾಗ ಆ ದೂರಿನಲ್ಲಿ ಹುರುಳು ಕಡಿಮೆಯೆ.

ಆದರೂ ಎಲ್ಲೋ ಏನೋ ಮುರಿದಿದೆ. ಅದು ಏನೆಂದು ಹುಡುಕುವಾಗ ನನಗೆ, ಪಾಠ ಹೇಳುವವನ ಚಟದಂತೆ, ನಮ್ಮ ‘ಬೆಲೆ’ ಎಂಬ ಮಾತಿನ ಹತ್ತಿರ ನಿಲ್ಲಬೇಕಾಯಿತು. ಅಂಗಡಿಯ ಬೆಲೆಗೂ ಮನುಷ್ಯನ ಬೆಲೆಗೂ ಕನ್ನಡದಲ್ಲಿ ಒಂದೇ ಮಾತು. ಜಾಣ ಜನ ಬೇರೆ ಮಾಡಿರುವುದು ಕ್ರಿಯಾಪದದಲ್ಲಿ. ಎಮ್ಮೆಗೆ ಬೆಲೆ ಕಟ್ಟುತ್ತೇವೆ. ಹಿರಿಯರ ಮಾತಿಗೆ ಬೆಲೆ ಕೊಡುತ್ತೇವೆ. ಕಟ್ಟುವವನು ಇನ್ನೊಬ್ಬನಿಂದ ಎಷ್ಟು ಬರುವುದೆಂದು ನೋಡುತ್ತಾನೆ. ಕೊಡುವವನು ತನ್ನ ಕೈಯಿಂದ ಏನನ್ನೋ ಬಿಡುತ್ತಾನೆ. ಮದುವೆಮನೆಯ ಇಮ್ಮಡಿ ಹಣವನ್ನು ಬಿಟ್ಟು ಬಂದ ಹಾಲಿನಾಕೆ ನಮಗೆ ಕೊಟ್ಟದ್ದು ಅದು. ‘ಮಿಶ್ರಣ’ ಎಂದು ಬರೆದವನು ಕಟ್ಟಿದ, ಕೊಡಲಿಲ್ಲ. ಷೇರುದಾರರಿಗೆ ಬರೆಯುವ ಕಾಗದದಲ್ಲಿ ಇನ್ನೇನು ಬರೆದಾನು, ಎಂದು ತಂಗಿಯ ಗಂಡ ಕೇಳಿದರು. ನಿಜ. ಆದರೆ ವರ್ತನೆಯ ಮನೆಯವರ ಕಿವಿಗೆ ಬಿದ್ದ ಮೇಲೆ ಆ ಮಾತನ್ನು ಹಿಂದೆ ತೆಗೆದುಕೊಳ್ಳುವ ದಾರಿಯಿಲ್ಲ.

ಕಾಯ್ದಿರಿಸುವ ಕಟ್ಟಳೆಯ ವಿಷಯವೂ ಇದೇ. ದೂರದ ಪ್ರಯಾಣಿಕನಿಗೆ ಅದು ಏನೂ ಅಲ್ಲ. ರೈಲಿಗೆ, ಹೋಟೆಲಿಗೆ ಕಾಯ್ದಿರಿಸಿದವನು ಇದಕ್ಕೂ ಕಾಯ್ದಿರಿಸುತ್ತಾನೆ. ಊರಿನವನಿಗೆ ಪಾಸಿನ ಸಾರವೇ ಬೇರೆ. ಆಫೀಸಿನಲ್ಲಿ ಮನಸ್ಸು ಕೆಟ್ಟಿತು, ಮಗು ಪರೀಕ್ಷೆಯಲ್ಲಿ ಅತ್ತಿತು, ಇಲ್ಲವೆ ಏನೂ ಕಾರಣವಿಲ್ಲ, ಸಂಜೆ ಚೆನ್ನಾಗಿದೆ: ಹೊರಟುಬಿಡು. ಹೇಳದೆ ಹೋಗಬಹುದಾದ ಮನೆ ನಮ್ಮದು. ಹೇಳಿ ಹೋಗಬೇಕಾದದ್ದು ಬೀಗರದು. ದಕ್ಷಿಣ ಕ್ಯಾಲಿಫೋರ್ನಿಯದವರೊಬ್ಬರು ಕೆಲಸವಿಲ್ಲದ ಕಾಲದಲ್ಲಿ, ಉಡುಗೊರೆಯಾಗಿ ಬಂದ ಪಾಸನ್ನು ಹಿಡಿದು 2012ರ ಜನವರಿ 1ರಂದು ಒಳಗೆ ಹೋದರು, ಮರುದಿನವೂ ಹೋದರು, ಕೆಲಸ ಸಿಕ್ಕಮೇಲೂ ಬಿಡಲಿಲ್ಲ. 2020ರ ಮಾರ್ಚ್ 13ರ ತನಕ ಒಂದು ದಿನವೂ ತಪ್ಪದೆ 2,995 ದಿನ. ಇದನ್ನು ಹುಚ್ಚೆಂದು ವಾಚಕರು ಮುಗುಳ್ನಗಬಹುದು, ನಾನೂ ನಕ್ಕೆ. ಆದರೆ ಬೆಳಗ್ಗೆ ಎದ್ದರೆ ಹೋಗುವುದಕ್ಕೆ ಒಂದು ಜಾಗವಿಲ್ಲದವನಿಗೆ ಹೋಗಲು ಒಂದು ಜಾಗ ಸಿಕ್ಕಿತ್ತು ಎಂಬುದನ್ನು ಯಾವ ಮಿಶ್ರಣದಲ್ಲಿ ಬರೆಯಬೇಕು?

ಸ್ಪಷ್ಟವಾಗಿ ತಪ್ಪೆನ್ನಬಹುದಾದದ್ದು ಒಂದಿದ್ದರೆ ಅದು ಮಾತಿನ ವಿಷಯ. ಮೇಲಿನ ದರ್ಜೆಯ 1,399 ಡಾಲರಿನ ಪಾಸಿಗೆ ತಡೆಯ ದಿನಗಳೇ ಇಲ್ಲ ಎಂದು ಹೇಳಿ ಮಾರಿದ್ದರು. ಕೊಂಡವರೊಬ್ಬರು, ದಿನದ ಟಿಕೆಟ್ಟಿನವರಿಗೆ ಜಾಗವಿದ್ದ ದಿನಗಳಲ್ಲೇ ಪಾಸಿನವರಿಗೆ ಇರಲಿಲ್ಲವೆಂದು 2021ರ ಕೊನೆಯಲ್ಲಿ ನ್ಯಾಯಾಲಯಕ್ಕೆ ಹೋದರು. ಕಂಪನಿ ತಪ್ಪೊಪ್ಪಿಕೊಳ್ಳದೆ, 2023ರಲ್ಲಿ 95 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಲಕ್ಷಕ್ಕೂ ಮೀರಿದ ಪಾಸಿನವರಿಗೆ ಹಂಚಿದಾಗ ತಲೆಗೆ ಸುಮಾರು 67 ಡಾಲರು ಬಂತು. ಮುರಿದ ಮಾತಿಗೂ ಹೀಗೆ ಬೆಲೆ ಕಟ್ಟಿದ್ದಾಯಿತು.

ನನ್ನ ತಂಗಿ ಕೊನೆಗೆ ಕೇಳಿದಳು: ‘ಹಾಗಾದರೆ ಅಣ್ಣ, ಕಂಪನಿ ಅನ್ನುವುದು ಹಾಲಿನವಳ ಹಾಗೆ ಇರುವುದಕ್ಕೆ ಆಗುತ್ತಾ? ಆಕೆಗೆ ಹತ್ತು ಮನೆ. ಇವರಿಗೆ ಲಕ್ಷ ಜನ.’ ನಾನು ಆಗುತ್ತದೆ ಎಂದು ಧೈರ್ಯವಾಗಿ ಹೇಳಲು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ನನಗೆ ಆ ಕಥೆಯ ಉಳಿದ ಭಾಗ ನೆನಪಾಯಿತು. ತಂಗಿ ಆಗ ತೀರ ಚಿಕ್ಕವಳು, ಅವಳಿಗೆ ಗೊತ್ತಿಲ್ಲ.

ನಮ್ಮ ಬೀದಿಯ ಮೂಲೆಗೆ ಪ್ಯಾಕೆಟ್ ಹಾಲಿನ ಬೂತು ಬಂತು. ಮಳೆಗಾಲದಲ್ಲೂ ತಪ್ಪುವುದಿಲ್ಲ, ನೀರಿನ ಅನುಮಾನವಿಲ್ಲ, ಒಂದಿಷ್ಟು ಅಗ್ಗ. ತಂದೆ ಲೆಕ್ಕಹಾಕಿ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ತಾಯಿಗೆ ಆಕೆಯ ಮುಖ ನೋಡಿ ಹೇಳುವುದಕ್ಕೆ ಆಗಲಿಲ್ಲ. ಬೆಳಗಿನ ಹೊತ್ತು ನನ್ನನ್ನು ಗೇಟಿಗೆ ಕಳಿಸಿದರು. ನಾಳೆಯಿಂದ ಹಾಲು ಬೇಡವಂತೆ ಎಂದು ಹೇಳಿದೆ. ಆಕೆ ಏನೂ ಜಗಳವಾಡಲಿಲ್ಲ. ಅಂದಿನ ಹಾಲನ್ನು ಎಂದಿನಂತೆ ಅಳೆದು ಹೊಯ್ದಳು. ಮೇಲೆ ಒಂದು ತೊಟ್ಟು ಕೊಸರು ಹಾಕಿದಳು. ತಂಬಿಗೆ ಎತ್ತಿಕೊಂಡು ನಾನು ತಿರುಗುವಾಗ, ‘ಹಬ್ಬಕ್ಕೂ ಬ್ಯಾಡ್ವಂತಾ?’ ಎಂದು ಕೇಳಿದಳು.

ನಾನು ಮನೆಯ ಒಳಕ್ಕೆ ನೋಡಿದೆ. ಒಳಗಿನಿಂದ ಯಾರೂ ಮಾತಾಡಲಿಲ್ಲ.