ಸಿಗರೇಟಿನ ಫಿಲ್ಟರ್ ಮತ್ತು ಅನರ್ಥದಂಡದ ಪ್ರಶ್ನೆ

ಸಿಗರೇಟನ್ನು ಆರೋಗ್ಯದ ಸಮಸ್ಯೆಯಾಗಿ ಮಾತ್ರ ಕಾಣುವ ರೂಢಿ ಆಳವಾಗಿ ಬೇರೂರಿರುವುದರಿಂದ, ಅದನ್ನು ಪರಿಸರ ಕಾನೂನಿನ ಹತೋಟಿಗೂ ತರಬೇಕೆಂಬ ವಾದ ಅನೇಕರಿಗೆ ಮುಖ್ಯವಾದುದನ್ನು ಬಿಟ್ಟು ಅಮುಖ್ಯವಾದುದರ ಬೆನ್ನುಹತ್ತಿದಂತೆ ತೋರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ತಂಬಾಕು ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾಗುತ್ತಿರುವಾಗ, ಸೇದಿ ಎಸೆದ ತುಂಡು ಚರಂಡಿಗೆ ಬಿತ್ತೋ ಕಸದ ಬುಟ್ಟಿಗೆ ಬಿತ್ತೋ ಎಂದು ವಿಚಾರಿಸುವುದರಲ್ಲಿ ಏನು ಸಾರ್ಥಕ್ಯವಿದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಇದು ಲಾಭನಷ್ಟದ ಲೆಕ್ಕದಲ್ಲಿ ಮುಗಿಯುವ ಪ್ರಶ್ನೆಯಲ್ಲ. ಹಾನಿಯೊಂದು ಬೆಳೆಯುವವನ, ತಯಾರಿಸುವವನ, ಮಾರುವವನ, ಬಳಸುವವನ ಕೈ ದಾಟಿ, ಕೊನೆಗೆ ಇವರಾರನ್ನೂ ಅರಿಯದ ಒಂದು ಜೀವಿಯನ್ನು ತಲುಪಿದಾಗ, ಅದರ ಹೊಣೆ ಯಾರ ಪಾಲಿಗೆ ಎಷ್ಟು ಸೇರುತ್ತದೆ ಎಂಬುದೇ ಇದರ ತಿರುಳು. ಈ ಹಂಚಿಕೆಯನ್ನು ಜೈನ ನೀತಿಶಾಸ್ತ್ರ ವಿವೇಚಿಸಿದಷ್ಟು ಸೂಕ್ಷ್ಮವಾಗಿ ಭಾರತದ ಬೇರೆ ಪರಂಪರೆಗಳು ವಿವೇಚಿಸಿರುವುದು ವಿರಳ. ತಂಬಾಕು ಪೋರ್ಚುಗೀಸರ ಮೂಲಕ ಈ ದೇಶಕ್ಕೆ ಬರುವುದಕ್ಕಿಂತ ಸಾವಿರ ವರ್ಷಕ್ಕೂ ಹಿಂದೆ ರಚಿತವಾದ ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದಲ್ಲಾಗಲಿ, ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಾಗಲಿ ಆ ಎಲೆಯ ಹೆಸರಿಲ್ಲವಾದರೂ, ಅವು ಕಟ್ಟಿಕೊಟ್ಟ ವಿಚಾರದ ಚೌಕಟ್ಟು ಈ ಪ್ರಶ್ನೆಗೆ ಹೇಳಿಮಾಡಿಸಿದಂತಿದೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಸಿಗರೇಟಿನ ತುದಿಯಲ್ಲಿರುವ ಫಿಲ್ಟರ್ ನೋಡಲು ಹತ್ತಿಯಂತಿದ್ದರೂ ಹತ್ತಿಯಲ್ಲ; ಮರದ ತಿರುಳಿನಿಂದ ತೆಗೆದ ಸೆಲ್ಯುಲೋಸನ್ನು ರಾಸಾಯನಿಕವಾಗಿ ಮಾರ್ಪಡಿಸಿ ಪಡೆದ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಹತ್ತು ಸಾವಿರಕ್ಕೂ ಹೆಚ್ಚು ನವಿರು ಎಳೆಗಳನ್ನು ಒತ್ತಾಗಿ ಸೇರಿಸಿ ಅದನ್ನು ಮಾಡಲಾಗುತ್ತದೆ. ಸಹಜ ಸೆಲ್ಯುಲೋಸನ್ನು ಸುಲಭವಾಗಿ ತಿಂದು ಮಣ್ಣಾಗಿಸುವ ಸೂಕ್ಷ್ಮಜೀವಿಗಳಿಗೆ ಈ ಮಾರ್ಪಾಟು ಅಡ್ಡಿಯಾಗುವುದರಿಂದ ತುಂಡು ವರ್ಷಗಟ್ಟಲೆ ಉಳಿಯುತ್ತದೆ. ಬಿಸಿಲಿಗೆ ಒಡೆದರೂ ಕಣ್ಣಿಗೆ ಕಾಣದ ಎಳೆಗಳಾಗಿ ಚದುರುತ್ತದೆಯೇ ಹೊರತು ಬೇಗನೆ ಇಲ್ಲವಾಗುವುದಿಲ್ಲ. ಸೇದಿದ ಹೊಗೆಯ ನಿಕೋಟಿನ್, ಭಾರಲೋಹಗಳು ಮತ್ತು ಟಾರಿನ ಅಂಶಗಳು ಅದರಲ್ಲಿ ಸೇರಿಕೊಂಡು, ಮೊದಲ ಮಳೆಗೇ ನೀರಿಗಿಳಿಯತೊಡಗುತ್ತವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಲೀಟರ್ ನೀರಿಗೆ ಸೇದಿದ ಒಂದು ತುಂಡಿನಷ್ಟು ಸಾರ ಬೆರೆತರೆ ಅದರಲ್ಲಿ ಬಿಟ್ಟ ಮೀನುಗಳಲ್ಲಿ ಸುಮಾರು ಅರ್ಧದಷ್ಟು ಸಾಯುತ್ತವೆ ಎಂದು ಕಂಡುಬಂದಿತು. ಸೇದದೆ ಇದ್ದ ಬರಿಯ ಫಿಲ್ಟರ್ ಕೂಡ, ಸಂಖ್ಯೆ ಹೆಚ್ಚಾದಾಗ, ಅದೇ ಪರಿಣಾಮವನ್ನು ತೋರಿಸಿತು. ಜಗತ್ತಿನಲ್ಲಿ ಪ್ರತಿವರ್ಷ ಹೀಗೆ ಎಸೆಯಲ್ಪಡುವ ತುಂಡುಗಳ ಸಂಖ್ಯೆ ಸುಮಾರು 4.5 ಲಕ್ಷ ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿದೆ.

ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಕೊಲ್ಲುವ ಉದ್ದೇಶವನ್ನು ಅದರ ಲಕ್ಷಣವಾಗಿ ಹೇಳದೆ, ‘ಪ್ರಮತ್ತಯೋಗ’ವನ್ನು, ಅಂದರೆ ಎಚ್ಚರಗೇಡಿತನದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರವನ್ನು, ಲಕ್ಷಣವಾಗಿ ಹೇಳುತ್ತದೆ. ಮೀನಿನ ಮೇಲೆ ಯಾವ ದ್ವೇಷವೂ ಇಲ್ಲದೆ, ಮೀನಿನ ನೆನಪೇ ಇಲ್ಲದೆ, ಬೆರಳಿನಿಂದ ತುಂಡನ್ನು ಚಿಮ್ಮಿದವನು ಹಿಂಸೆಯಿಂದ ಹೊರಗುಳಿಯುವುದಿಲ್ಲ. ನೆನಪಿಲ್ಲದಿರುವುದೇ ಅವನ ದೋಷ. ಮುನಿಗಳಿಗೆ ವಿಧಿಸಲಾದ ಐದು ಸಮಿತಿಗಳಲ್ಲಿ, ಎಂದರೆ ನಡೆ, ನುಡಿ, ಆಹಾರ ಮೊದಲಾದವುಗಳಲ್ಲಿ ಪಾಲಿಸಬೇಕಾದ ಎಚ್ಚರಿಕೆಗಳಲ್ಲಿ, ಐದನೆಯದಾದ ಉತ್ಸರ್ಗ ಸಮಿತಿಯು ದೇಹದ ಮಲಾದಿಗಳನ್ನು ಜೀವಿಗಳಿಲ್ಲದ ಸ್ಥಳವನ್ನು ನೋಡಿ ವಿಸರ್ಜಿಸಬೇಕೆಂದು ಹೇಳುತ್ತದೆ. ತ್ಯಜಿಸಿದ ಕ್ಷಣಕ್ಕೆ ವಸ್ತುವಿನೊಂದಿಗಿನ ಸಂಬಂಧ ಕಡಿಯುವುದಿಲ್ಲ ಎಂಬ ಈ ನಿಲುವು ಆಧುನಿಕ ಪರಿಸರ ಕಾನೂನಿನ ಬುನಾದಿಯಲ್ಲೂ ಇದೆ, ಆದರೆ ಅಷ್ಟು ತೀಕ್ಷ್ಣವಾಗಿ ಅಲ್ಲಿ ಅದು ವ್ಯಕ್ತವಾಗಿಲ್ಲ. ಹಾಗೆಂದು ಸಮಿತಿಯನ್ನು ನೇರವಾಗಿ ಕಾನೂನಿಗೆ ಹೊಂದಿಸುವುದು ಸಾಧ್ಯವಿಲ್ಲ. ಅದು ಮಹಾವ್ರತಧಾರಿಯ ಆಚರಣೆ. ಎಲ್ಲ ಪ್ರಜೆಗಳೂ ಮುನಿಗಳಂತೆ ನಡೆಯಲಿ ಎಂದು ಯಾವ ಸರ್ಕಾರವೂ ಆಜ್ಞೆ ಹೊರಡಿಸಲಾರದು.

ಗೃಹಸ್ಥನಾದ ಶ್ರಾವಕನಿಗೆಂದು ಈ ಪರಂಪರೆ ಹೇಳಿರುವ ವ್ರತವೇ ಇಲ್ಲಿ ಹೆಚ್ಚು ಉಪಯುಕ್ತವಾದುದು, ಅದು ಅನರ್ಥದಂಡವಿರತಿ. ಬದುಕುವುದಕ್ಕೆ, ದುಡಿಯುವುದಕ್ಕೆ, ಉಣ್ಣುವುದಕ್ಕೆ ಗೃಹಸ್ಥನು ಸ್ವಲ್ಪವಾದರೂ ಹಿಂಸೆಯನ್ನು ಮಾಡಲೇಬೇಕಾಗುತ್ತದೆಂದು ಒಪ್ಪಿಕೊಂಡು, ಯಾವ ಪ್ರಯೋಜನವೂ ಇಲ್ಲದ ಹಿಂಸೆಯನ್ನಾದರೂ ಬಿಡಬೇಕೆಂದು ಈ ವ್ರತ ಕೇಳುತ್ತದೆ. ಸಮಂತಭದ್ರರು ಇಂತಹ ನಿಷ್ಪ್ರಯೋಜಕ ಹಿಂಸೆಯ ಐದು ಬಗೆಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಎರಡು ಪ್ರಸ್ತುತ ವಿಷಯವನ್ನು ನೇರವಾಗಿ ಮುಟ್ಟುತ್ತವೆ: ಕಾರಣವಿಲ್ಲದೆ ನೆಲ, ನೀರು, ಗಿಡಗಳಿಗೆ ಹಾನಿಮಾಡುವ ಪ್ರಮಾದಚರ್ಯೆ, ಮತ್ತು ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವ ಹಿಂಸಾದಾನ. ತುಂಡನ್ನು ಬಿಸಾಡುವವನ ದೋಷ ಮೊದಲನೆಯದು. ಎರಡನೆಯದು ಅದನ್ನು ತಯಾರಿಸಿ ಕೊಟ್ಟವನದು.

ಫಿಲ್ಟರಿನ ಚರಿತ್ರೆಯನ್ನು ಈ ಬೆಳಕಿನಲ್ಲಿ ಓದಬೇಕು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧ 1950ರ ದಶಕದ ಆರಂಭದಲ್ಲಿ ಸಾರ್ವಜನಿಕರಿಗೆ ತಿಳಿದು ಗ್ರಾಹಕರು ಹಿಂಜರಿಯತೊಡಗಿದಾಗ, ಅಮೆರಿಕದ ತಂಬಾಕು ಕಂಪನಿಗಳು ಫಿಲ್ಟರನ್ನು ರಕ್ಷಣೆಯ ಉಪಾಯವೆಂಬಂತೆ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದವು. ಆರ್.ಜೆ. ರೇನಾಲ್ಡ್ಸ್ ಕಂಪನಿಯ ರಸಾಯನ ವಿಜ್ಞಾನಿ ಕ್ಲಾಡ್ ಟೀಗ್ 1953ರಲ್ಲೇ ಬರೆದ ಆಂತರಿಕ ಟಿಪ್ಪಣಿಯೊಂದರಲ್ಲಿ, ಸೇದುವಾಗ ಬಣ್ಣ ಬದಲಾಯಿಸುವ ವಸ್ತುವನ್ನು ಫಿಲ್ಟರಿನಲ್ಲಿ ಸೇರಿಸಬಹುದೆಂದು ಸೂಚಿಸಿದ್ದರು. ಅದರಿಂದ ಫಿಲ್ಟರಿನ ಸೋಸುವ ಶಕ್ತಿ ಹೆಚ್ಚದಿದ್ದರೂ, ಕಪ್ಪಾದ ತುದಿಯನ್ನು ಕಂಡವನಿಗೆ ವಿಷವೆಲ್ಲ ಅಲ್ಲೇ ಉಳಿಯಿತೆಂಬ ನೆಮ್ಮದಿ ಮೂಡುತ್ತದೆ ಎಂಬುದು ಆ ಸೂಚನೆಯ ಹಿಂದಿನ ಲೆಕ್ಕವಾಗಿತ್ತು. ಮುಂದೆ ಫಿಲ್ಟರಿನ ಸುತ್ತ ಸಣ್ಣ ರಂಧ್ರಗಳನ್ನು ಕೊರೆದಾಗ ಯಂತ್ರದ ಪರೀಕ್ಷೆಯಲ್ಲಿ ಟಾರಿನ ಪ್ರಮಾಣ ಕಡಿಮೆಯೆಂದು ಕಂಡರೂ, ಮನುಷ್ಯರು ಅಷ್ಟೇ ನಿಕೋಟಿನ್ ಪಡೆಯಲು ಹೊಗೆಯನ್ನು ಇನ್ನೂ ಆಳಕ್ಕೆ ಎಳೆದುಕೊಂಡರು. ಸಿಗರೇಟಿನ ವಿನ್ಯಾಸದಲ್ಲಿ 1950ರ ದಶಕದಿಂದೀಚೆಗೆ ಆದ ಬದಲಾವಣೆಗಳು ಅಡಿನೋಕಾರ್ಸಿನೋಮಾ ಎಂಬ ಶ್ವಾಸಕೋಶದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸಿವೆ ಎಂಬ ತೀರ್ಮಾನಕ್ಕೆ ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ಬಂದಿತಲ್ಲದೆ, ಇದಕ್ಕೆ ಕಾರಣವಾಗಿರಬಹುದಾದವುಗಳಲ್ಲಿ ರಂಧ್ರವುಳ್ಳ ಫಿಲ್ಟರನ್ನೂ ಹೆಸರಿಸಿತು.

ಇಲ್ಲಿಗೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಸೇದುವವನನ್ನು ಕಾಪಾಡದ, ಕಾಪಾಡುತ್ತದೆಂಬ ಭ್ರಮೆಯನ್ನಷ್ಟೇ ಕೊಡುವ, ಅದೇ ವೇಳೆಗೆ ನೀರನ್ನೂ ನೆಲವನ್ನೂ ಕೆಡಿಸುವ ವಸ್ತುವಿಗಿಂತ ಸ್ಪಷ್ಟವಾದ ಅನರ್ಥದಂಡದ ಉದಾಹರಣೆ ಸಿಗುವುದು ಕಷ್ಟ. ಸಿಗರೇಟು ಸೇದುವವನಿಗೆ ಏನೋ ಒಂದು ಸುಖ ಸಿಗುತ್ತದೆ ಎಂದು ವಾದಕ್ಕಾಗಿ ಒಪ್ಪಿದರೂ, ಫಿಲ್ಟರಿನಿಂದ ಸಿಗುವ ಪ್ರಯೋಜನವೇನು ಎಂಬುದಕ್ಕೆ ಉತ್ತರವಿಲ್ಲ. ಆದ್ದರಿಂದ ಪರಿಸರದ ಹೆಸರಿನಲ್ಲಿ ಫಿಲ್ಟರನ್ನು ನಿಷೇಧಿಸುವ ಕಾನೂನು ಯಾರ ಯಾವ ನಿಜವಾದ ಹಿತವನ್ನೂ ಕಸಿಯುವುದಿಲ್ಲ, ಹುಸಿ ಹಿತವೊಂದನ್ನು ಮಾತ್ರ ಬಯಲಿಗೆಳೆಯುತ್ತದೆ. ಬೀಡಿಗೆ ಫಿಲ್ಟರ್ ಇಲ್ಲದಿದ್ದರೂ ಅದನ್ನು ಸೇದುವವರು ಇದ್ದಾರೆಂಬುದನ್ನು ನೋಡಿದರೆ, ಫಿಲ್ಟರ್ ಹೋದರೆ ಸಿಗರೇಟು ತಾನಾಗಿ ಮಾಯವಾಗುತ್ತದೆ ಎಂದು ನಂಬಬೇಕಾಗಿಲ್ಲ, ಅದು ಸುರಕ್ಷಿತವಾಗುತ್ತದೆ ಎಂದಂತೂ ಅಲ್ಲವೇ ಅಲ್ಲ.

ಹೊಣೆಯ ಹಂಚಿಕೆಗೆ ತತ್ತ್ವಾರ್ಥಸೂತ್ರವು ಕೃತ, ಕಾರಿತ, ಅನುಮತ ಎಂಬ ಮೂರು ಪದಗಳನ್ನು ಕೊಡುತ್ತದೆ: ತಾನೇ ಮಾಡಿದ್ದು, ಬೇರೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ಮೂರರಿಂದಲೂ ಕರ್ಮಬಂಧವಾಗುತ್ತದೆ, ಮೊದಲನೆಯವನನ್ನು ಹಿಡಿದು ಉಳಿದಿಬ್ಬರನ್ನು ಬಿಟ್ಟುಬಿಡುವುದಕ್ಕೆ ಅಲ್ಲಿ ಎಡೆಯಿಲ್ಲ. ಬೀದಿಯಲ್ಲಿ ತುಂಡು ಎಸೆದವನಿಗೆ ದಂಡ ಹಾಕುವ ನಗರಸಭೆಯ ಕಟ್ಟಳೆ ಕೃತವನ್ನು ಮಾತ್ರ ಮುಟ್ಟುತ್ತದೆ, ಅದನ್ನೂ ಅಪರೂಪಕ್ಕೆ. ಉಳಿದ ತುಂಡುಗಳನ್ನೆಲ್ಲ ಬಗ್ಗಿ ಗುಡಿಸಬೇಕಾದವರು ಈ ಸರಪಳಿಯಲ್ಲಿ ಯಾವ ಪಾಲೂ ಇಲ್ಲದ ಪೌರಕಾರ್ಮಿಕರು. ಕಾರಿತದ ಕಡೆಗೆ ದೃಷ್ಟಿ ಹಾಯಿಸಿದ ಪ್ರಯತ್ನಗಳೂ ಇವೆ. ಸ್ಯಾನ್ ಫ್ರಾನ್ಸಿಸ್ಕೋ ನಗರ 2009ರಲ್ಲಿ ತುಂಡುಗಳನ್ನು ಗುಡಿಸುವ ವೆಚ್ಚಕ್ಕೆಂದು ಪ್ರತಿ ಪ್ಯಾಕಿನ ಮೇಲೆ 20 ಸೆಂಟುಗಳ ಶುಲ್ಕ ವಿಧಿಸಿತು. ಐರೋಪ್ಯ ಒಕ್ಕೂಟವು 2019ರ ತನ್ನ ಏಕಬಳಕೆ ಪ್ಲಾಸ್ಟಿಕ್ ನಿರ್ದೇಶನದಲ್ಲಿ ಫಿಲ್ಟರನ್ನು ಸೇರಿಸಿ, ಅದರಲ್ಲಿ ಪ್ಲಾಸ್ಟಿಕ್ ಇದೆಯೆಂದು ಪ್ಯಾಕಿನ ಮೇಲೆ ಮುದ್ರಿಸುವಂತೆಯೂ, 2023ರಿಂದ ತುಂಡುಗಳನ್ನು ಸಂಗ್ರಹಿಸಿ ಸ್ವಚ್ಛಗೊಳಿಸುವ ವೆಚ್ಚವನ್ನು ತಯಾರಕರೇ ಭರಿಸುವಂತೆಯೂ ವಿಧಿಸಿತು. ವಸ್ತು ಮಾರಾಟವಾದ ಮೇಲೂ ಅದರ ಕಸದ ಭಾರ ತಯಾರಕನ ಮೇಲೆಯೇ ಇರಬೇಕೆಂಬ ಈ ತತ್ತ್ವವನ್ನು ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಎಂದು ಕರೆಯಲಾಗುತ್ತದೆ.

ಈ ವ್ಯವಸ್ಥೆಯಲ್ಲಿ ಒಂದು ಅಪಾಯ ಅಡಗಿದೆ, ಅದನ್ನು ಲಘುವಾಗಿ ಕಾಣಬಾರದು. ಕಸ ಗುಡಿಸುವುದಕ್ಕೆ ಹಣ ಕೊಟ್ಟ ಕಂಪನಿ, ಆ ಹಣವನ್ನೇ ಪರಿಸರ ಕಾಳಜಿಯ ಪ್ರಮಾಣಪತ್ರವಾಗಿ ಮೆರೆಸಿಕೊಳ್ಳಬಹುದು. ಕಡಲತೀರ ಸ್ವಚ್ಛಗೊಳಿಸುವ ಕಾರ್ಯಕ್ರಮದ ಪ್ರಾಯೋಜಕನಾಗಬಹುದು. ನಾಳೆ ಮಣ್ಣಲ್ಲಿ ಕರಗುವ ಫಿಲ್ಟರನ್ನು ತಂದು, ಮನುಷ್ಯನನ್ನು ಕೊಲ್ಲುವ ವಸ್ತುವಿಗೆ ಹಸಿರು ಬಣ್ಣ ಬಳಿಯಬಹುದು. ಆಗ ಕಾನೂನು ಕಾರಿತದ ದೋಷವನ್ನು ಹಿಡಿಯಹೋಗಿ, ತಾನೇ ಅನುಮತದ ದೋಷಕ್ಕೆ ಸಿಲುಕುತ್ತದೆ. ಪರಿಸರ ನಿಯಂತ್ರಣದ ಬೆಲೆ ಅದು ತನ್ನ ಮಿತಿಯನ್ನು ಅರಿತಿರುವುದರಲ್ಲಿದೆ. ಅದು ಅನರ್ಥದಂಡವಿರತಿಯಂಥ ಗುಣವ್ರತದ ಜಾತಿಗೆ ಸೇರಿದ್ದು, ಅನವಶ್ಯಕವಾದುದನ್ನು ಕತ್ತರಿಸುವಂಥದ್ದು. ಮಹಾವ್ರತದ ಸ್ಥಾನದಲ್ಲಿ ತಾನೇ ಕುಳಿತು, ಮೂಲ ಹಿಂಸೆಯನ್ನು ಮರೆಸುವ ಹಕ್ಕು ಅದಕ್ಕಿಲ್ಲ. ಈ ಕಾರಣಕ್ಕೆ ತುಂಡನ್ನು ಸಂಗ್ರಹಿಸುವ ಕಾನೂನಿಗಿಂತ ಫಿಲ್ಟರನ್ನೇ ಇಲ್ಲವಾಗಿಸುವ ಕಾನೂನು ನೈತಿಕವಾಗಿ ಮೇಲು, ಏಕೆಂದರೆ ಅದರಿಂದ ಕಂಪನಿಗೆ ಕೊಂಡುಕೊಳ್ಳಬಹುದಾದ ಪುಣ್ಯ ಯಾವುದೂ ಉಳಿಯುವುದಿಲ್ಲ.

ಅನುಮತದ ವಿಚಾರಕ್ಕೆ ಬಂದರೆ ಬೆರಳು ಸರ್ಕಾರದ ಕಡೆಗೆ ತಿರುಗುತ್ತದೆ. ಮೈಸೂರು ಸೀಮೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಸಿಗರೇಟಿಗೆ ಬೇಕಾದ ವರ್ಜೀನಿಯಾ ಹೊಗೆಸೊಪ್ಪನ್ನು ಬೆಳೆಯುವ ರೈತರು ನೋಂದಣಿ ಪಡೆಯುವುದು ಕೇಂದ್ರ ಸರ್ಕಾರದ ತಂಬಾಕು ಮಂಡಳಿಯಲ್ಲಿ, ಮಾರುವುದು ಅದೇ ಮಂಡಳಿಯ ಹರಾಜು ಕಟ್ಟೆಯಲ್ಲಿ. ಎಲೆಯನ್ನು ಹದಗೊಳಿಸುವ ಬ್ಯಾರನ್ನುಗಳು ದಿನಗಟ್ಟಲೆ ಬಿಸಿಯಾಗಿರಬೇಕಾದ್ದರಿಂದ ಅವುಗಳ ಒಲೆಗೆ ಸುರಿಯುವ ಸೌದೆಯೂ ಸಿಗರೇಟಿನ ಪರಿಸರ ಹಾನಿಯ ಲೆಕ್ಕಕ್ಕೆ ಸೇರುತ್ತದೆ. ಶ್ವೇತಾಂಬರ ಗ್ರಂಥಗಳು ಶ್ರಾವಕನಿಗೆ ನಿಷಿದ್ಧವೆಂದು ಹೇಳುವ 15 ಕರ್ಮಾದಾನಗಳಲ್ಲಿ, ಅಂದರೆ ಪಾಪಕ್ಕೆ ದಾರಿಮಾಡುವ ವೃತ್ತಿಗಳಲ್ಲಿ, ಬೆಂಕಿಯನ್ನು ನೆಚ್ಚಿದ ಅಂಗಾರಕರ್ಮ, ಮರ ಕಡಿಯುವ ವನಕರ್ಮ, ವಿಷ ಮಾರುವ ವಿಷವಾಣಿಜ್ಯ ಮೂರೂ ಇವೆ. ತಂಬಾಕಿನ ಉದ್ಯಮ ಮೂರನ್ನೂ ಒಂದೇ ಎಲೆಯಲ್ಲಿ ಕೂಡಿಸಿಕೊಂಡಿದೆ. ಆದರೆ ಈ ನಿಷೇಧದ ಪಟ್ಟಿಯನ್ನು ಹಿಡಿದು ರೈತನನ್ನು ದೂಷಿಸುವುದು ಅನ್ಯಾಯ. ಮಳೆಯನ್ನು ನಂಬಿದ ಆ ಹೊಲಗಳಲ್ಲಿ ಕೈಗೆ ಖಚಿತವಾಗಿ ಹಣ ತರುವ ಬೆಳೆಯನ್ನು ಅವನು ಆರಿಸಿಕೊಂಡಿದ್ದಾನೆ, ಅದಕ್ಕೆ ಪರವಾನಗಿ ಕೊಟ್ಟದ್ದು ಪ್ರಭುತ್ವ. ಭಾರತ 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದಲ್ಲಿ ಪರಿಸರ ರಕ್ಷಣೆಯ 18ನೇ ವಿಧಿಗೆ ಒತ್ತಿನಲ್ಲೇ, ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆನ್ನುವ 17ನೇ ವಿಧಿ ಇರುವುದು ಆಕಸ್ಮಿಕವಲ್ಲ.

ಸ್ವಾತಂತ್ರ್ಯದ ಪ್ರಶ್ನೆಯೊಂದು ಉಳಿಯುತ್ತದೆ. ಜಾನ್ ಸ್ಟುವರ್ಟ್ ಮಿಲ್ 1859ರ ‘ಆನ್ ಲಿಬರ್ಟಿ’ಯಲ್ಲಿ ಪ್ರತಿಪಾದಿಸಿದಂತೆ, ಇನ್ನೊಬ್ಬರಿಗೆ ಹಾನಿಯಾಗುವಲ್ಲಿ ಮಾತ್ರ ಸಮಾಜವು ವ್ಯಕ್ತಿಯನ್ನು ಬಲವಂತದಿಂದ ತಡೆಯಬಹುದು. ಸಿಗರೇಟಿನ ಆರೋಗ್ಯದ ವಾದ ಈ ಗೆರೆಯ ಬಳಿ ಪದೇ ಪದೇ ಎಡವುತ್ತದೆ, ಪರಿಸರದ ವಾದ ಎಡವುವುದಿಲ್ಲ. ಕೆರೆಯ ನೀರು ಸೇದುವವನೊಬ್ಬನ ಸ್ವತ್ತಲ್ಲ. ಕಾನೂನು ರೂಪಿಸುವವರಿಗೆ ಇದು ದೊಡ್ಡ ಅನುಕೂಲ. ಆದರೂ ಸೇದುವವನ ದೇಹದ ಹಾನಿಯನ್ನು ಅವನ ಖಾಸಗಿ ವಿಷಯವೆಂದು ಬಿಟ್ಟುಕೊಟ್ಟು ಮೀನಿನ ಹಾನಿಯನ್ನು ಮಾತ್ರ ಎತ್ತಿಹಿಡಿಯುವ ವಾದದಲ್ಲಿ ಒಂದು ನಿರ್ದಯತೆ ಇದೆ. ರಾಗದ್ವೇಷಗಳಿಗೆ ವಶನಾದವನು ಪರರನ್ನು ಹಿಂಸಿಸುವ ಮೊದಲೇ ತನ್ನನ್ನು ಹಿಂಸಿಸಿಕೊಂಡಿರುತ್ತಾನೆ ಎಂಬ ನಿಲುವನ್ನು ತಳೆದ ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ ಸ್ವಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ, ಮತ್ತು ಚಟಕ್ಕೆ ಬಿದ್ದವನನ್ನು ಅಪರಾಧಿಯಾಗಿ ಕಾಣುವ ಬದಲು ಹಾನಿಗೊಳಗಾದ ಜೀವಿಗಳ ಸಾಲಿನಲ್ಲೇ ಕಾಣಲು ಅವಕಾಶ ಕೊಡುತ್ತದೆ. ಮಿಲ್ ಕೊಟ್ಟ ಗೆರೆಯಿಂದ ಕಾನೂನು ಆರಂಭವಾಗಲಿ, ಆದರೆ ಕರುಣೆ ಆ ಗೆರೆಯಲ್ಲಿ ನಿಲ್ಲಬೇಕಾಗಿಲ್ಲ.

ಭಾರತದ ಕಾನೂನು ಈ ದಾರಿಯಲ್ಲಿ ವಿಚಿತ್ರವಾದ ಸ್ಥಳದಲ್ಲಿ ನಿಂತಿದೆ. 2021ರಲ್ಲಿ ತಿದ್ದುಪಡಿಯಾದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ 2022ರ ಜುಲೈ 1ರಿಂದ ನಿಷೇಧಕ್ಕೊಳಗಾದ ಏಕಬಳಕೆ ವಸ್ತುಗಳಲ್ಲಿ ಕಿವಿಕಡ್ಡಿ, ಐಸ್‌ಕ್ರೀಂ ಕಡ್ಡಿಗಳ ಜೊತೆಗೆ ಸಿಗರೇಟು ಪ್ಯಾಕಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಆ ಪ್ಯಾಕಿನೊಳಗಿನ ಪ್ರತಿಯೊಂದು ಸಿಗರೇಟಿನ ತುದಿಯಲ್ಲಿರುವ ಪ್ಲಾಸ್ಟಿಕ್ ಸೇರಿಲ್ಲ. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸಿಗರೇಟು ಮತ್ತು ಬೀಡಿ ತುಂಡುಗಳ ವಿಲೇವಾರಿಗೆ ಮಾರ್ಗಸೂಚಿ ರೂಪಿಸುವಂತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ನಿರ್ದೇಶಿಸಿತು. ವಿಲೇವಾರಿ ಎಂಬುದು ಎಸೆದಾದ ಮೇಲಿನ ಕೆಲಸ, ಕೃತದ ಕೊನೆಯ ಕ್ಷಣಕ್ಕೆ ಸೇರಿದ್ದು. ಫಿಲ್ಟರನ್ನು ಪಟ್ಟಿಗೆ ಸೇರಿಸುವುದಾದರೆ ಕೈ ಹಾಕಬೇಕಾದದ್ದು ಕಾರಿತಕ್ಕೆ. ಆ ನಿಯಮಗಳು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ರಚಿತವಾದವಾದ್ದರಿಂದ, ಅದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ, ಕೇಂದ್ರ ಸರ್ಕಾರದ ಒಂದು ಅಧಿಸೂಚನೆ ಸಾಕು.