ಏಕಾಂತದಲ್ಲಿ ಕೇಳಿದ ಮಾತು

ಅಂಗಡಿಯಲ್ಲಾಗಲಿ, ಗಿರಣಿಯಲ್ಲಾಗಲಿ, ಬಸದಿಯ ಕಚೇರಿಯಲ್ಲಾಗಲಿ ಯಜಮಾನನು ಒಬ್ಬ ನೌಕರನನ್ನು ಒಳಕೋಣೆಗೆ ಕರೆದನೆಂದರೆ ಉಳಿದವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಏನೋ ತಪ್ಪು ನಡೆದಿದೆ ಎಂಬುದೇ ಎಲ್ಲರ ಊಹೆ. ಬೈಗುಳಕ್ಕೋ ಸಂಬಳ ಕಡಿತಕ್ಕೋ ಅಲ್ಲದೆ ಬೇರೊಂದು ಕಾರಣಕ್ಕೆ ಬಂದ ಕರೆಯನ್ನು ಅವರು ಕಂಡಿರುವುದೇ ಅಪೂರ್ವ.

ನಾಲ್ಕು ಜನರ ಮುಂದೆ ಒಬ್ಬನ ತಪ್ಪನ್ನು ಎತ್ತಿ ಆಡುವುದು ಹಿಂಸೆಯೆಂಬುದನ್ನು ಶ್ರಾವಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಪ್ರತ್ಯೇಕವಾಗಿ ಕೂಡಿಸಿಕೊಂಡು ಮಾತನಾಡಿದ ಮಾತ್ರಕ್ಕೆ ಧರ್ಮಪಾಲನೆಯಾಯಿತೆಂದು ತಿಳಿಯಲಾಗದು. ಅಲ್ಲಿ ನೌಕರನು ತನ್ನ ಕಷ್ಟವನ್ನೋ ತಪ್ಪನ್ನೋ ಹೇಳಿಕೊಂಡರೆ, ಆ ಮಾತಿನ ಮೇಲೆ ಯಜಮಾನನಿಗೆ ಇರುವ ಅಧಿಕಾರವೆಷ್ಟು? ಅದನ್ನು ಮುಂದೆ ಅವನ ವಿರುದ್ಧವೇ ಬಳಸಬಹುದೇ? ಈ ಪ್ರಶ್ನೆಯನ್ನು ಬಿಡಿಸಿಕೊಳ್ಳದೆ ನಡೆಸಿದ ಭೇಟಿಯಿಂದ ಹಿತಕ್ಕಿಂತ ಅಹಿತವೇ ಹೆಚ್ಚು.

ಪಾಶ್ಚಾತ್ಯ ದೇಶಗಳಲ್ಲಿ ಈ ವಿಷಯದ ಅಭ್ಯಾಸ ನಡೆದಿದೆ. ಅಮೆರಿಕದ ಷಿಕಾಗೊ ನಗರದ ಸಮೀಪದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ 1930ರವರೆಗೆ 21,000ಕ್ಕೂ ಹೆಚ್ಚು ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಭೇಟಿಮಾಡಿ ಮಾತನಾಡಿಸಲಾಯಿತು. ಮೊದಲು ಸಿದ್ಧಪಡಿಸಿದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಕೆಲಸಗಾರರೋ ಪ್ರಶ್ನೆಯನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳತೊಡಗಿದರು. ಆದಕಾರಣ 1929ರಲ್ಲಿ ಪದ್ಧತಿಯನ್ನು ಬದಲಿಸಿ, ಕೇಳುವವನು ವಾದಿಸಬಾರದು, ನಡುವೆ ಬಾಯಿ ಹಾಕಬಾರದು, ಉಪದೇಶ ಮಾಡಬಾರದು ಎಂಬ ನಿಯಮವನ್ನಿಟ್ಟರು. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಭೇಟಿ ಒಂದೂವರೆ ಗಂಟೆಗೆ ಬೆಳೆಯಿತು. ದೂರು ನಿವಾರಣೆಯಾಗದಿದ್ದಾಗಲೂ ಹೇಳಿಕೊಂಡುದರಿಂದಲೇ ಕೆಲವರಿಗೆ ಸಮಾಧಾನವಾದುದನ್ನು ಸಂಶೋಧಕರು ಗಮನಿಸಿದರು.

ಇದರಲ್ಲಿ ಒಂದು ಅಪಾಯವೂ ಅಡಗಿದೆ. ಕೇಳಿದ ಮಾತ್ರಕ್ಕೆ ನೌಕರ ಸಮಾಧಾನಗೊಳ್ಳುವನೆಂದು ಅರಿತ ಯಜಮಾನನು ನ್ಯಾಯವಾದ ಸಂಬಳದ ಬದಲಿಗೆ ಸವಿಮಾತನ್ನೇ ಕೊಟ್ಟು ಕಳುಹಿಸಬಹುದು. ಅದು ನಾಲ್ಕು ಕಷಾಯಗಳಲ್ಲಿ ಒಂದಾದ ಮಾಯೆ. ಇಂಟೆಲ್ ಕಂಪನಿಯ ಅಧ್ಯಕ್ಷರಾಗಿದ್ದ ಆಂಡ್ರ್ಯೂ ಗ್ರೋವ್ 1983ರಲ್ಲಿ ಪ್ರಕಟಿಸಿದ ವ್ಯವಸ್ಥಾಪನ ಗ್ರಂಥದಲ್ಲಿ ಇಂಥ ಭೇಟಿಯು ಕೆಳಗಿನವನದೆಂದೂ, ಯಾವ ವಿಷಯ ಮಾತನಾಡಬೇಕೆಂಬುದನ್ನು ಅವನೇ ಸಿದ್ಧಪಡಿಸಿ ತರಬೇಕೆಂದೂ ಹೇಳಿದ್ದಾರೆ. ಮೇಲಧಿಕಾರಿ ಕೊಡುವ ಒಂದೂವರೆ ಗಂಟೆ, ಕೆಳಗಿನವನ ಎರಡು ವಾರಗಳ ಕೆಲಸವನ್ನು ಸುಧಾರಿಸಬಲ್ಲುದು ಎಂಬುದು ಅವರ ಲೆಕ್ಕ. ಲಾಭದ ದೃಷ್ಟಿಯಿಂದ ಈ ಲೆಕ್ಕ ಸರಿಯೇ. ಕೇಳಿದ ಗುಟ್ಟಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆಗೆ ಬೆಳಕು ದೊರೆಯುವುದು ಭಗವತೀ ಆರಾಧನೆಯಲ್ಲಿ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಆಧಾರವಾದ ಗಾಥೆಗಳುಳ್ಳ ಆ ಗ್ರಂಥದಲ್ಲಿ, ಆಲೋಚನೆಯನ್ನು, ಅಂದರೆ ದೋಷನಿವೇದನೆಯನ್ನು, ಕೇಳುವ ಆಚಾರ್ಯನಿಗಿರಬೇಕಾದ ಗುಣಗಳನ್ನು ಹೇಳಿದೆ. ಅವುಗಳಲ್ಲಿ ಮೂರು ಇಲ್ಲಿ ಮುಖ್ಯ. ಹೇಳುವುದರಿಂದ ಆಗುವ ಲಾಭವನ್ನೂ ಮುಚ್ಚಿಡುವುದರಿಂದ ಆಗುವ ಹಾನಿಯನ್ನೂ ತೋರಿಸಿಕೊಡಬಲ್ಲವನು ಆಯಾಪಾಯದರ್ಶಿ. ಕೇಳಿದ್ದನ್ನು ಹೊರಗೆ ಸೋರಗೊಡದವನು ಅಪರಿಸ್ರಾವಿ. ನೊಂದ ಮನಸ್ಸನ್ನು ತಣಿಸಬಲ್ಲವನು ನಿರ್ವಾಪಕ.

ಆಚಾರ್ಯನ ಸ್ಥಾನವೇ ಬೇರೆ, ಯಜಮಾನನ ಸ್ಥಾನವೇ ಬೇರೆ ಎಂಬುದು ನಿಜ. ಕ್ಷಪಕನು ತಾನಾಗಿ ಗುರುವಿನ ಬಳಿಗೆ ಬರುತ್ತಾನೆ. ನೌಕರನು ಕರೆದುದರಿಂದ ಬರುತ್ತಾನೆ. ಗುರುವಿನ ಕೈಯಲ್ಲಿ ಶಿಷ್ಯನ ಅನ್ನವಿಲ್ಲ. ಯಜಮಾನನ ಕೈಯಲ್ಲಿ ನೌಕರನ ಅನ್ನವಿದೆ. ಆದುದರಿಂದ ಯಜಮಾನನು ಒತ್ತಾಯದಿಂದ ಏನನ್ನೂ ಹೊರಗೆಡಹಿಸಬಾರದು. ತಾನಾಗಿ ಬಂದುದನ್ನು ಹೆಚ್ಚು ಎಚ್ಚರದಿಂದ ಕಾಯಬೇಕು.

ಎಲ್ಲವನ್ನೂ ಕಾಯಬಹುದೇ? ಹೀಗೊಂದು ಸಂದರ್ಭವನ್ನು ಊಹಿಸಬಹುದು. ಬಸದಿಯ ಗುಮಾಸ್ತನೊಬ್ಬನು ಅಧ್ಯಕ್ಷರ ಮುಂದೆ ಕಣ್ಣೀರಿಟ್ಟು, ಮಗಳ ಆಸ್ಪತ್ರೆಯ ಖರ್ಚಿಗೆ ಕಾಣಿಕೆ ಹಣದಿಂದ ಸ್ವಲ್ಪ ತೆಗೆದಿದ್ದೇನೆ, ಮುಂದಿನ ತಿಂಗಳು ತುಂಬುತ್ತೇನೆ ಎನ್ನುತ್ತಾನೆ. ತಮ್ಮ ಅಂಗಡಿಯ ಹಣವಾಗಿದ್ದರೆ ಅಧ್ಯಕ್ಷರು ಅದನ್ನು ಮನ್ನಿಸಿ ಸುಮ್ಮನಿರಬಹುದಿತ್ತು. ಇದು ದೇವದ್ರವ್ಯ, ಅಧ್ಯಕ್ಷರು ಅದರ ಒಡೆಯರಲ್ಲ, ಕಾವಲುಗಾರರು. ಮುಚ್ಚಿಟ್ಟರೆ ಮಂಡಳಿಗೆ ದ್ರೋಹ, ಹೇಳಿದರೆ ನಂಬಿ ಬಂದವನಿಗೆ ದ್ರೋಹ ಎಂಬ ಇಕ್ಕಟ್ಟು ಒದಗುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವನ್ನೂ ಸ್ಥಿತಿಕರಣವನ್ನೂ ಒಂದರ ನಂತರ ಒಂದಾಗಿ ಇರಿಸಿರುವುದು ಇಲ್ಲಿ ಅರ್ಥಪೂರ್ಣವಾಗಿದೆ. ಉಪಗೂಹನವು ವ್ಯಕ್ತಿಯನ್ನು ಊರ ನಾಲಗೆಯಿಂದ ಕಾಯುತ್ತದೆ. ಲೆಕ್ಕದ ಪುಸ್ತಕವನ್ನು ತಿದ್ದಲು ಅದು ಅನುಮತಿ ಕೊಡುವುದಿಲ್ಲ. ಜಾರಿದವನನ್ನು ಮತ್ತೆ ನೆಲೆ ನಿಲ್ಲಿಸುವುದು ಸ್ಥಿತಿಕರಣ. ಅಧ್ಯಕ್ಷರು ಗುಮಾಸ್ತನೊಡನೆ ತಾವೂ ಮಂಡಳಿಯ ಮುಂದೆ ಹೋಗಬಹುದು. ಸಾಧ್ಯವಿದ್ದರೆ ಕೈಯಿಂದಲೇ ಸಾಲ ಕೊಟ್ಟು ಹಣ ತುಂಬಿಸಬಹುದು. ಪೆಟ್ಟಿಗೆಯ ಎರಡು ಕೀಲಿಗಳನ್ನು ಇಬ್ಬರ ಕೈಗೆ ಕೊಡಿಸಬಹುದು. ಮಂಡಳಿಯ ಹೊರಗೆ, ಮನೆಯವರೊಡನೆಯೂ, ಆ ವಿಷಯವನ್ನು ಆಡಬಾರದು.

ಇದಕ್ಕಿಂತ ಮುಖ್ಯವಾದ ಕರ್ತವ್ಯ ಭೇಟಿಯ ಆರಂಭದಲ್ಲಿಯೇ ಇದೆ. "ಸಂಸ್ಥೆಯ ಲೆಕ್ಕಕ್ಕೂ ಪರರ ಸುರಕ್ಷತೆಗೂ ಸಂಬಂಧಪಟ್ಟದ್ದನ್ನು ಮಂಡಳಿಗೆ ತಿಳಿಸಲೇಬೇಕಾಗುತ್ತದೆ, ಉಳಿದುದು ನಮ್ಮಿಬ್ಬರಲ್ಲೇ ಇರುತ್ತದೆ" ಎಂದು ಮೊದಲೇ ತಿಳಿಸಿಬಿಡಬೇಕು. ಎಲ್ಲೆಯನ್ನು ಹೇಳದೆ ಗುಟ್ಟು ಕೇಳಿ, ಅನಂತರ ನಿಯಮವನ್ನು ತೋರಿಸುವುದು ವಂಚನೆ. ಎಲ್ಲೆಯೊಳಗಿನ ಮಾತನ್ನು ಹೊರಗೆಡಹಿದರೆ ಅದು ಸತ್ಯಾಣುವ್ರತಕ್ಕೇ ತಗಲುವ ಅತಿಚಾರ. ಗುಟ್ಟನ್ನು ಬಯಲು ಮಾಡುವುದನ್ನು ಶ್ರಾವಕಾಚಾರವು ಆ ವ್ರತದ ದೋಷಗಳಲ್ಲಿಯೇ ಎಣಿಸಿದೆ.

ಉಳಿದುದು ವ್ಯವಹಾರದ ಮಾತು. ತಿಂಗಳಿಗೊಮ್ಮೆ ನಿಶ್ಚಿತ ದಿನದಂದು ಪ್ರತಿಯೊಬ್ಬ ನೌಕರನನ್ನೂ ಕಂಡರೆ ಕರೆಯ ಭಯ ತಾನಾಗಿ ಕಳೆಯುತ್ತದೆ. ಆ ಹೊತ್ತಿನಲ್ಲಿ ದೂರವಾಣಿಯನ್ನೂ ಗಿರಾಕಿಯನ್ನೂ ದೂರವಿಡಬೇಕು. ಮೊದಲ ಮಾತು ನೌಕರನದಾಗಿರಬೇಕು. ಮಹಿಳಾ ನೌಕರರೊಡನೆ ಮಾತನಾಡುವಾಗ ಇತರರ ಕಣ್ಣಿಗೆ ಕಾಣುವ, ಕಿವಿಗೆ ಕೇಳಿಸದ ಸ್ಥಳ ಯೋಗ್ಯ. ಸಂಬಳ ಹೆಚ್ಚಿಸಲಾಗದಿದ್ದರೆ ಆಗದೆಂದೂ ಅದರ ಕಾರಣವನ್ನೂ ನೇರವಾಗಿ ಹೇಳಬೇಕು. ಒಪ್ಪಿಕೊಂಡುದನ್ನು ಬರೆದಿಟ್ಟು ಮುಂದಿನ ಭೇಟಿಯೊಳಗೆ ನೆರವೇರಿಸಬೇಕು.

ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮಾವಣಿಯಂದು ಎಲ್ಲರೆದುರು ಕೈಮುಗಿದು ಕ್ಷಮೆ ಕೇಳುವುದು ರೂಢಿ. ಒಬ್ಬ ನೌಕರನ ಎದುರು ಕುಳಿತು, ಅವನಿಗೆ ಮಾಡಿದ ಒಂದು ನಿರ್ದಿಷ್ಟ ಅನ್ಯಾಯವನ್ನು ಹೆಸರಿಸಿ ಕ್ಷಮೆ ಕೇಳುವುದು ಅದಕ್ಕಿಂತ ಕಷ್ಟ. ಬಸದಿಯ ಮಂಡಳಿಗಳೂ ವ್ಯಾಪಾರಸ್ಥ ಶ್ರಾವಕರೂ ಮುಂದಿನ ಪರ್ವದಲ್ಲಿ ಅಷ್ಟನ್ನು ಆಚರಣೆಗೆ ತರುವುದು ಉಚಿತ.